ನೀರು ಕೊಡದ ನರ್ಸ್‌ಗೆ ಕರುಣೆ ಇಲ್ಲವೇ? ವಾರ್ಡ್‌ನಲ್ಲಿ ನಮ್ಮ ಕಣ್ಣಿಗೆ ಬೀಳದ ಕಾಳಜಿ

"ಆಪರೇಷನ್‌ಗೆ ಮುಂಚೆ ಅಜ್ಜಿ ಒಂದು ಗುಟುಕು ನೀರು ಕೇಳಿದರೂ ಕೊಡಲಿಲ್ಲ. ನಿದ್ದೆ ಹತ್ತಿದ ರೋಗಿಯನ್ನು ಮಧ್ಯರಾತ್ರಿ ಎಬ್ಬಿಸಿದರು. ಹೊಟ್ಟೆಗೆ ಹೊಲಿಗೆ ಬಿದ್ದ ಮರುದಿನವೇ ಎದ್ದು ನಡೀರಿ ಅಂತ ಗದರಿದರು." ನರ್ಸ್‌ಗಳ ಬಗ್ಗೆ ಇಂಥ ದೂರುಗಳು, ಕೆಲವೊಮ್ಮೆ ಹಿಂದುಮುಂದಿಲ್ಲದ ಮೂವತ್ತು ಸೆಕೆಂಡಿನ ವಿಡಿಯೊ ಸಮೇತ, ಮೊಬೈಲ್‌ನಿಂದ ಮೊಬೈಲ್‌ಗೆ ದಾಟುತ್ತಿರುತ್ತವೆ. ಘಟನೆ ನಡೆದಿರಬಹುದು. ಆದರೆ ಅದರಿಂದ ನಾವು ತೆಗೆಯುವ ತೀರ್ಮಾನ ಅನೇಕ ಸಲ ತಲೆಕೆಳಗಾಗಿರುತ್ತದೆ.

ನೀರಿನ ವಿಷಯವನ್ನೇ ನೋಡೋಣ. ಅರಿವಳಿಕೆ ಕೊಟ್ಟಾಗ ರೋಗಿಗೆ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದರೆ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು, ಅದು ಜೀವಕ್ಕೇ ಅಪಾಯ. ಹಾಗಾಗಿ ಸಾಮಾನ್ಯವಾಗಿ ಆಪರೇಷನ್‌ಗೆ 6 ಗಂಟೆ ಮುಂಚೆ ತಿಂಡಿ-ಊಟ, ಹಾಲು ನಿಲ್ಲಿಸುತ್ತಾರೆ, 2 ಗಂಟೆ ಮುಂಚೆ ನೀರನ್ನೂ ನಿಲ್ಲಿಸುತ್ತಾರೆ. ಹಿಂದಿನ ಆಪರೇಷನ್ ತಡವಾದರೆ ರೋಗಿ ಇನ್ನೂ ಹೆಚ್ಚು ಹೊತ್ತು ಬಾಯಾರಿ ಕೂರಬೇಕಾಗುತ್ತದೆ. ಆ ಸಂಕಟ ನಿಜ, ಅದನ್ನು ಕೇಳುವ ಹಕ್ಕೂ ನಿಮಗಿದೆ. ಆದರೆ "ಪಾಪ, ಒಂದೇ ಗುಟುಕು" ಎಂದು ಫ್ಲಾಸ್ಕಿನಿಂದ ಕಾಫಿ ಕುಡಿಸುವ ಮನೆಯವರ ಕಣ್ಣಿಗೆ, ಒದ್ದೆ ಹತ್ತಿಯಿಂದ ತುಟಿ ಒರೆಸಿ ಹೋಗುವ ನರ್ಸ್ ಮಾತ್ರ ಕಲ್ಲು ಮನಸ್ಸಿನವರಂತೆ ಕಾಣುತ್ತಾರೆ.

ರಾತ್ರಿ ಎಬ್ಬಿಸುವುದಕ್ಕೂ ಕಾರಣವಿದೆ. ತಲೆಗೆ ಪೆಟ್ಟು ಬಿದ್ದವರು ನಿದ್ದೆ ಮಾಡುತ್ತಿದ್ದಾರೋ ಪ್ರಜ್ಞೆ ತಪ್ಪಿದ್ದಾರೋ ಎಂದು ನೋಡಿ ಮಾತ್ರ ಹೇಳಲಾಗದು. ಎಬ್ಬಿಸಿ ಹೆಸರು ಕೇಳಬೇಕು, ಕೈ ಒತ್ತಿ ಎನ್ನಬೇಕು. ಉಳಿದ ರೋಗಿಗಳಲ್ಲೂ ಸ್ಥಿತಿ ಕೆಡುವ ಮೊದಲ ಸುಳಿವು ಉಸಿರಾಟದ ವೇಗ, ನಾಡಿ, ಬಿಪಿಯಲ್ಲೇ ಸಿಗುವುದು ಹೆಚ್ಚು. ಇನ್ನು "ಬೆಳಗ್ಗೆಯಿಂದ ನಾಲ್ಕು ಸಲ ಹೆಸರು ಕೇಳಿದರು, ಅಷ್ಟೂ ನೆನಪಿಲ್ಲವಾ" ಎಂಬ ಸಿಟ್ಟು. ಒಂದೇ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಗಬಾರದಲ್ಲ!

ಆಪರೇಷನ್ ಆದ ಮೇಲೆ ಬೇಗ ನಡೆಸುವುದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲಿ, ಎದೆಯಲ್ಲಿ ಕಫ ಕಟ್ಟದಿರಲಿ ಎಂದು. ನೋವು ರೋಗಿಗೆ, ಬೈಗುಳ ನರ್ಸ್‌ಗೆ.

ಇವೆಲ್ಲದರಲ್ಲೂ ಒಂದು ಸಮಾನ ಅಂಶವಿದೆ: ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಆಗದೇ ಇದ್ದದ್ದಕ್ಕೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಹಾಸಿಗೆ ಹುಣ್ಣು ಇದಕ್ಕೆ ಒಳ್ಳೆಯ ಉದಾಹರಣೆ. ಅಲುಗಾಡದೆ ಮಲಗಿದವರ ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಪಕ್ಕದ ಚರ್ಮ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿ, ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಚರ್ಮ ಸಾಯಲು ಶುರುವಾಗಬಹುದು. ತಡೆಯುವ ದಾರಿ ಎಂದರೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒಣಗಿಸಿ ಇಡುವುದು. ಹಗಲೂ ರಾತ್ರಿ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಅವರ ಮೇಲೆ ಕ್ರೂರ ದಾಳಿ ನಡೆದು ಮೆದುಳಿಗೆ ಪೆಟ್ಟಾಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅಲ್ಲಿನ ನರ್ಸ್‌ಗಳು, ಒಂದು ತಲೆಮಾರು ನಿವೃತ್ತರಾದರೆ ಮುಂದಿನವರು, ಅವರನ್ನು ನೋಡಿಕೊಂಡರು. ದಶಕಗಳ ಕಾಲ ಹಾಸಿಗೆ ಹಿಡಿದರೂ ಅವರಿಗೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬುದು ದಯಾಮರಣದ ಅರ್ಜಿ ಕುರಿತ ಸುಪ್ರೀಂ ಕೋರ್ಟ್‌ನ 2011ರ ತೀರ್ಪಿನಲ್ಲಿ ದಾಖಲಾಗಿದೆ. ನ್ಯಾಯಾಧೀಶರು ಆ ನರ್ಸ್‌ಗಳನ್ನು ಮನಸಾರೆ ಹೊಗಳಿದರು. ಆಗದೇ ಹೋದ ಒಂದು ಹುಣ್ಣನ್ನು ಯಾರೋ ಗಮನಿಸಿದ ಅಪರೂಪದ ಸಂದರ್ಭ ಅದು.

ಹಾಗೆಂದು ವಾರ್ಡ್‌ನಲ್ಲಿ ಕೇಳಿಸುವ ಪ್ರತಿ ಒರಟು ಮಾತಿಗೂ ವೈದ್ಯಕೀಯ ಕಾರಣ ಇದೆ ಎಂದು ನಾವು ಹೇಳುತ್ತಿಲ್ಲ. ಹೆರಿಗೆ ನೋವಿನಲ್ಲಿರುವವರನ್ನು ಬೈಯುವುದಕ್ಕೆ, ದುಡ್ಡು ಕೇಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಂಥದ್ದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಿ. ಆದರೆ ಕರೆದ ತಕ್ಷಣ ಬರಲಿಲ್ಲ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಸೋಮಾರಿತನವಲ್ಲ, ಲೆಕ್ಕ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಲಿಂಡಾ ಏಕೆನ್ ಮತ್ತು ಸಂಗಡಿಗರು ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳು ಒಬ್ಬರು ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನಗಳೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುತ್ತಿತ್ತು. ನರ್ಸ್‌ಗಳು ದಣಿದು ಬೇಸತ್ತು ಹೋಗುವ ಸಾಧ್ಯತೆ ಶೇ 23ರಷ್ಟು ಹೆಚ್ಚುತ್ತಿತ್ತು. ಸಿಬ್ಬಂದಿ ಕೊರತೆ ಮಾಡಿದ್ದು ಆಡಳಿತ, ಸಿಟ್ಟು ತಿನ್ನುವುದು ಡ್ಯೂಟಿಯಲ್ಲಿರುವವರು.

ಇನ್ನು ಡಿಸ್ಚಾರ್ಜ್ ದಿನ. ಡಾಕ್ಟರಿಗೆ "ದೇವರ ಹಾಗೆ ಬಂದ್ರಿ ಸಾರ್" ಎಂದು ಕೈ ಮುಗಿಯುತ್ತೇವೆ, ಸ್ವೀಟ್ ಬಾಕ್ಸ್ ಕೊಡುತ್ತೇವೆ. ರಾತ್ರಿ ಪಾಳಿಯ ಸಿಸ್ಟರ್ ಅಥವಾ ಬ್ರದರ್ ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ, ಹೆಸರೂ ನಮಗೆ ಗೊತ್ತಿರುವುದಿಲ್ಲ. ಆಸ್ಪತ್ರೆಯಲ್ಲಿ ಇರುವಾಗಲೇ ಅವರ ಬ್ಯಾಡ್ಜ್ ನೋಡಿ ಹೆಸರು ಬರೆದಿಟ್ಟುಕೊಂಡರೆ, ಹೊರಡುವಾಗ ಕೊಡುವ ಅಭಿಪ್ರಾಯದ ಫಾರ್ಮ್‌ನಲ್ಲಿ ಅದನ್ನು ಸೇರಿಸಬಹುದು. ಫಾರ್ಮ್ ಇಲ್ಲದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ ನಾಲ್ಕು ಸಾಲಿನ ಕಾಗದ ಸಾಕು. ಅಲ್ಲಿಗೆ ದೂರುಗಳಂತೂ ದಿನವೂ ಬರುತ್ತಿರುತ್ತವೆ.