ಖಾಲಿ ಬಿಟ್ಟ ಕೊನೆಯ ದಿನ



ಚಳಿಗಾಲದ ರಜೆಯಲ್ಲಿ ಅಂಡಮಾನಿಗೆ ಹೋಗಿ ಸ್ಕೂಬಾ ಸಲಕರಣೆ ತೊಟ್ಟು ಸಮುದ್ರದೊಳಗೆ ಇಳಿದು ನೋಡಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಹ್ಯಾವ್‌ಲಾಕ್ ಎಂದು ಕರೆಯುತ್ತಿದ್ದ, 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಪಡೆದ ನಡುಗಡ್ಡೆ ಇದಕ್ಕೆ ಪ್ರಸಿದ್ಧ. ಹಿಂಗಾರು ಮಳೆ ಮುಗಿದ ಮೇಲೆ ಏಪ್ರಿಲ್‌ವರೆಗೆ ಅಲ್ಲಿ ಕಡಲು ಶಾಂತ, ನೀರು ತಿಳಿ. ಹೀಗೆ ಕಾಲ ನೋಡಿ ಇಳಿಯುವುದು ಹೊಸದಲ್ಲ. ಮನ್ನಾರ್ ಕೊಲ್ಲಿಯಲ್ಲಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದವರೂ ಎರಡು ಮಳೆಗಾಲಗಳ ನಡುವಿನ ಶಾಂತ ಕಡಲಿಗಾಗಿ ಕಾಯುತ್ತಿದ್ದರು. ಕಾಲಿಗೆ ಕಲ್ಲಿನ ಭಾರ, ಮೇಲೆ ದೋಣಿಯಲ್ಲಿ ಹಗ್ಗ ಹಿಡಿದ ಜೊತೆಗಾರ, ಒಂದೇ ಉಸಿರು. ಇಷ್ಟೇ ಅವರ ಸಲಕರಣೆ.

ಆರು ದಿನದ ಪ್ರವಾಸದ ಪಟ್ಟಿಯೊಂದನ್ನು ಬರೆದು ಅನುಭವಿಗಳಿಗೆ ತೋರಿಸಿ. ಅವರು ಮೊದಲು ಮಾಡುವ ತಿದ್ದುಪಡಿ ಒಂದಿದೆ. ವಿಮಾನ ಹತ್ತುವ ಹಿಂದಿನ ದಿನ ನೀರಿಗಿಳಿಯುವ ಕಾರ್ಯಕ್ರಮವನ್ನು ಹೊಡೆದು ಹಾಕುತ್ತಾರೆ. ಅಷ್ಟು ಹಣ ತೆತ್ತು ಅಷ್ಟು ದೂರ ಹೋಗಿ ಒಂದು ದಿನ ದಡದಲ್ಲಿ ಸುಮ್ಮನೆ ಕೂರುವುದೇ ಎಂದು ನಿಮಗೆ ಅನ್ನಿಸಬಹುದು. ಆ ಖಾಲಿ ದಿನ ಪಟ್ಟಿಗೆ ಬಂದದ್ದು ಹೇಗೆಂದು ತಿಳಿಯಲು ನಾವು ಕಡಲನ್ನು ಬಿಟ್ಟು ಒಂದು ಸೇತುವೆಯ ಬುಡಕ್ಕೆ ಹೋಗಬೇಕು.

ಅಮೆರಿಕದ ನ್ಯೂಯಾರ್ಕ್‌ನಲ್ಲಿ ಬ್ರೂಕ್ಲಿನ್ ಸೇತುವೆಯ ಕೆಲಸ 1869ರಲ್ಲಿ ಆರಂಭವಾಯಿತು. ನದಿಯ ತಳದಲ್ಲಿ ಅಸ್ತಿಭಾರ ಅಗೆಯಲು ಕೈಸನ್ ಎಂಬ ಬೃಹತ್ ಪೆಟ್ಟಿಗೆಗಳನ್ನು ಇಳಿಸಿದರು. ಲೋಟವನ್ನು ಬೋರಲು ಮಾಡಿ ನೀರಿನಲ್ಲಿ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದಲ್ಲವೇ? ಕೈಸನ್ನಿನ ತತ್ತ್ವವೂ ಅದೇ. ನೀರು ಒಳನುಗ್ಗದಂತೆ ಯಂತ್ರದಿಂದ ಒತ್ತಡದ ಗಾಳಿಯನ್ನು ತುಂಬುತ್ತಿದ್ದರು. ಯೂರೋಪಿನಿಂದ ವಲಸೆ ಬಂದ ಬಡ ಕೂಲಿಗಳು ಅದರೊಳಗೆ ಮಣ್ಣು ಅಗೆಯುತ್ತಿದ್ದರು. ಒಳಗಿದ್ದಾಗ ಯಾರಿಗೂ ಏನೂ ಆಗುತ್ತಿರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಕೀಲು ಕೀಲುಗಳಲ್ಲಿ ತಡೆಯಲಾರದ ನೋವು! ಕೆಲವರಿಗೆ ಪಾರ್ಶ್ವವಾಯು, ಕೆಲವರಿಗೆ ಸಾವು. ನೋವಿನಿಂದ ಬಾಗಿ ನಡೆಯುತ್ತಿದ್ದುದರಿಂದ ಆ ಬೇನೆಗೆ 'ಬೆಂಡ್ಸ್' ಎಂದೇ ಹೆಸರು ಬಿತ್ತು. 1872ರಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ನ್ಯೂಯಾರ್ಕ್ ಬದಿಯ ಕಂಬದ ಅಗೆತವನ್ನು ಬಂಡೆ ಸಿಗುವ ಮೊದಲೇ, ಸುಮಾರು 78 ಅಡಿಗೆ, ನಿಲ್ಲಿಸಿದ್ದಕ್ಕೆ ಈ ಸಾವುನೋವುಗಳೂ ಕಾರಣ. 1883ರಲ್ಲಿ ಸೇತುವೆ ಪೂರ್ಣವಾಗುವವರೆಗೆ ಪತಿಯ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಒಯ್ದು ಮೇಲ್ವಿಚಾರಣೆ ನಡೆಸಿದವರು ಎಮಿಲಿ ರೋಬ್ಲಿಂಗ್. ಆ ಮಹಿಳೆಯ ಕಥೆಯೇ ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ.

ಕೈಸನ್ ಕೆಲಸಗಾರರ ವೈದ್ಯರಾಗಿದ್ದ ಆಂಡ್ರ್ಯೂ ಸ್ಮಿತ್ ಒಂದು ವಿಚಿತ್ರವನ್ನು ಗಮನಿಸಿದರು. ನೋವಿದ್ದವರು ಮತ್ತೆ ಒತ್ತಡದ ಗಾಳಿಯೊಳಗೆ ಹೋದರೆ ನೋವು ಕಡಿಮೆಯಾಗುತ್ತಿತ್ತು. ಇದರ ಗುಟ್ಟನ್ನು ಬಿಡಿಸಿದವರು ಫ್ರಾನ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೆರ್. 1878ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ತಪ್ಪಿತಸ್ಥ ಸಾರಜನಕವೆಂದು ತೋರಿಸಿದರು.

ಗೋಲಿ ಸೋಡಾವನ್ನು ನೆನಪಿಸಿಕೊಳ್ಳಿ. ಗೋಲಿ ಗಟ್ಟಿಯಾಗಿ ಕೂತಿರುವವರೆಗೆ ದ್ರವದಲ್ಲಿ ಗುಳ್ಳೆಯೇ ಕಾಣದು, ಒತ್ತಿದೊಡನೆ ನೊರೆನೊರೆ. ನಮ್ಮ ರಕ್ತವೂ ಅಂಗಾಂಶಗಳೂ ಹಾಗೆಯೇ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಶರೀರದಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಶ್ವಾಸಕೋಶದ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ. ಅವಸರದಿಂದ ಬಂದರೆ ಒಳಗೇ ಗುಳ್ಳೆಗಟ್ಟುತ್ತದೆ.

ಹಾಗಾದರೆ ಎಷ್ಟು ನಿಧಾನ? ಬ್ರಿಟಿಷ್ ನೌಕಾಪಡೆಗೆ ಇದು ಬೇಕಾಗಿತ್ತು. ಜೆ. ಎಸ್. ಹಾಲ್ಡೇನ್ ಒತ್ತಡದ ಕೋಣೆಯಲ್ಲಿ ಆಡುಗಳನ್ನಿಟ್ಟು ಪ್ರಯೋಗ ನಡೆಸಿದರು. ಬೇನೆ ಬಂದ ಆಡು ನೋಯುವ ಮುಂಗಾಲನ್ನು ಎತ್ತಿ ನಿಲ್ಲುತ್ತಿತ್ತು. ಮೂಕಪ್ರಾಣಿಯ ಆ ಎತ್ತಿದ ಕಾಲೇ ಅವರ ಅಳತೆಗೋಲು. ಮೊದಲು ಒತ್ತಡವನ್ನು ಅರ್ಧಕ್ಕಿಳಿಸಿ, ಅಲ್ಲಿಂದ ಹಂತಹಂತವಾಗಿ ನಿಂತು ನಿಂತು ಮೇಲೆ ಬರುವ ಕೋಷ್ಟಕ ಹೀಗೆ ಸಿದ್ಧವಾಯಿತು. 1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ನೌಕಾಪಡೆಯ ಮುಳುಗುಗಾರರು 210 ಅಡಿಗೆ ಹೋಗಿ ಸುರಕ್ಷಿತವಾಗಿ ಮರಳಿದರು. ಬಾಯ್ಕಾಟ್ ಮತ್ತು ಡಾಮಂಟ್ ಅವರೊಡನೆ ಹಾಲ್ಡೇನ್ ಬರೆದ ಪ್ರಬಂಧ 1908ರಲ್ಲಿ ಅಚ್ಚಾಯಿತು.

ಇನ್ನು ಸ್ಕೂಬಾ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಇರಲಿಲ್ಲ; ಕಾರುಗಳನ್ನು ಅನಿಲದಿಂದ ಓಡಿಸಲು ಎಂಜಿನಿಯರ್ ಎಮಿಲ್ ಗಾನ್ಯಾಂ ಒಂದು ಕವಾಟ ರೂಪಿಸಿದ್ದರು. ನೌಕಾಧಿಕಾರಿ ಜಾಕ್ ಕುಸ್ಟೊ ಅವರೊಡನೆ ಸೇರಿ ಅದನ್ನೇ ಮಾರ್ಪಡಿಸಿ, ಉಸಿರೆಳೆದಾಗ ಮಾತ್ರ ಆಳಕ್ಕೆ ತಕ್ಕ ಒತ್ತಡದ ಗಾಳಿ ಕೊಡುವ ಸಾಧನ ಮಾಡಿದರು. ಅದು 1943. ಪಾಲ್ ಬೆರ್ ಅವರ ಗ್ರಂಥ ಇಂಗ್ಲಿಷಿಗೆ ಅನುವಾದವಾಗಿ ಬಂದದ್ದೂ ಅದೇ ವರ್ಷ, ಆಕಸ್ಮಿಕವಾಗಿ! ಸೈನ್ಯದ ತಜ್ಞರ ಕೈಯಲ್ಲಿದ್ದ ವಿದ್ಯೆ ಇದರಿಂದ ರಜೆಯ ಪ್ರವಾಸಿಗರ ಕೈಗೆ ಬಂತು. ಕೈಸನ್ ಕೂಲಿಗಳ ಅಪಾಯವೂ ಅದರ ಬೆನ್ನಿಗೇ ಬಂತು.

ಈಗ ನಮ್ಮ ಖಾಲಿ ದಿನ. ಮೇಲೆ ಬಂದು ಬಟ್ಟೆ ಬದಲಿಸಿದ ಮಾತ್ರಕ್ಕೆ ಸಾರಜನಕವೆಲ್ಲ ಹೋಗಿರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡವೋ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಅಂದರೆ ವಿಮಾನ ಹತ್ತುವುದು ಗೋಲಿಯನ್ನು ಎರಡನೆಯ ಸಲ ಒತ್ತಿದಂತೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕೆಂದು ತಜ್ಞರು 2002ರಲ್ಲಿ ಸೂಚಿಸಿದರು. ಒಂದು ದಿನ ಪೂರ್ತಿ ಬಿಡುವುದು ಇನ್ನೂ ಒಳಿತು. ಸ್ವರಾಜ್ ದ್ವೀಪದಿಂದ ಹಡಗಿನಲ್ಲಿ ರಾಜಧಾನಿಗೆ ಮರಳಿ (ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು) ಸೆಲ್ಯುಲರ್ ಜೈಲನ್ನು ನೋಡಲು ಆ ದಿನವನ್ನು ಬಳಸಬಹುದು. ಹಡಗಿಗೆ ಅಡ್ಡಿಯಿಲ್ಲ, ಅದು ಸಮುದ್ರಮಟ್ಟದಲ್ಲೇ ಸಾಗುತ್ತದಷ್ಟೆ.

ಅಂಡಮಾನ್ ದೂರವಾಯಿತು, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗುತ್ತೇವೆ, ಅಲ್ಲಿ ವಿಮಾನದ ತೊಂದರೆಯೇ ಇಲ್ಲ ಎನ್ನುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಂಜೆಯ ಬಸ್ಸು ಹಿಡಿದವರು ಕೆಲವೇ ಗಂಟೆಗಳಲ್ಲಿ ಘಟ್ಟ ಹತ್ತಿರುತ್ತಾರೆ. 600 ಮೀಟರಿಗಿಂತ ಎತ್ತರ ಏರುವವರಿಗೆ ವಿಮಾನದ ನಿಯಮವೇ ಅನ್ವಯ. ಆದ್ದರಿಂದ ಮುಳುಗಿದ ದಿನದ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು, ಮರುದಿನದ ಬಸ್ಸಿಗೆ ಟಿಕೆಟ್ ಮಾಡಿಸಿ.