ಗ್ರಾಮೀಣ ರಸ್ತೆ ಮತ್ತು ವಿದ್ಯುದೀಕರಣ: ಪ್ರಗತಿ ಹಾಗೂ ನಾಗರಿಕರ ಹಕ್ಕು

2000ರ ಡಿಸೆಂಬರ್ 25ರಂದು ಪ್ರಾರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು, ಬಯಲು ಪ್ರದೇಶದಲ್ಲಿ 500 ಹಾಗೂ ಗುಡ್ಡಗಾಡು ಪ್ರದೇಶದಲ್ಲಿ 250 ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಜನವಸತಿಗಳಿಗೆ ಸರ್ವಋತು ರಸ್ತೆ ಕಲ್ಪಿಸುವ ಗುರಿಯನ್ನು ಹೊಂದಿತ್ತು.

2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ ತಲುಪುವುದರೊಂದಿಗೆ, ದೇಶದ ಜನವಸತಿಯುಳ್ಳ ಎಲ್ಲ ಗ್ರಾಮಗಳೂ ವಿದ್ಯುದೀಕರಣಗೊಂಡಿವೆ ಎಂದು ಕೇಂದ್ರ ಸರ್ಕಾರವು ಘೋಷಿಸಿತು. ಆದರೆ 2004ರ ವ್ಯಾಖ್ಯೆಯನ್ವಯ ಶಾಲೆ, ಪಂಚಾಯಿತಿ ಕಚೇರಿ ಮುಂತಾದ ಸಾರ್ವಜನಿಕ ಸ್ಥಳಗಳಿಗೂ ಕನಿಷ್ಠ ಶೇ. 10ರಷ್ಟು ಮನೆಗಳಿಗೂ ವಿದ್ಯುತ್ ಇದ್ದಲ್ಲಿ ಗ್ರಾಮವು ವಿದ್ಯುದೀಕೃತವೆನಿಸುತ್ತದೆ. ಉಳಿದ ಮನೆಗಳಿಗಾಗಿ 2017ರಲ್ಲಿ ಜಾರಿಗೆ ಬಂದ ಸೌಭಾಗ್ಯ ಯೋಜನೆಯು 2022ರ ಮಾರ್ಚ್ 31ರಂದು ಮುಕ್ತಾಯಗೊಂಡಿದೆ.

ಯೋಜನೆಯು ಮುಕ್ತಾಯಗೊಂಡಿದ್ದರೂ ಸಂಪರ್ಕ ಪಡೆಯುವ ಹಕ್ಕು ಮುಂದುವರಿಯುತ್ತದೆ. ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 43ರ ಮೇರೆಗೆ, ಮನೆಯ ಮಾಲೀಕರು ಅಥವಾ ವಾಸವಿರುವವರು ಅರ್ಜಿ ಸಲ್ಲಿಸಿದಲ್ಲಿ ವಿದ್ಯುತ್ ಪೂರೈಸುವುದು ವಿತರಣಾ ಪರವಾನಗಿದಾರರ ಕರ್ತವ್ಯವಾಗಿರುತ್ತದೆ. 2024ರ ತಿದ್ದುಪಡಿ ನಿಯಮಗಳ ಪ್ರಕಾರ, ಎಲ್ಲ ವಿವರಗಳುಳ್ಳ ಅರ್ಜಿಗೆ ಗ್ರಾಮೀಣ ಪ್ರದೇಶದಲ್ಲಿ 15 ದಿನಗಳೊಳಗೆ, ಗುಡ್ಡಗಾಡು ಗ್ರಾಮಗಳಲ್ಲಿ 30 ದಿನಗಳೊಳಗೆ ಸಂಪರ್ಕ ನೀಡತಕ್ಕದ್ದು. ಹೊಸ ಮಾರ್ಗ ಅಥವಾ ಉಪಕೇಂದ್ರದ ಅಗತ್ಯವಿದ್ದಲ್ಲಿ ಹೆಚ್ಚಿನ ಕಾಲಾವಕಾಶವಿರುತ್ತದೆ. ಅರ್ಜಿದಾರರು ಸ್ವೀಕೃತಿ ಪತ್ರವನ್ನು ಕಡ್ಡಾಯವಾಗಿ ಪಡೆದು ಇಟ್ಟುಕೊಳ್ಳುವುದು ಸೂಕ್ತ. ವಿಳಂಬವಾದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಸಲ್ಲಿಸಬಹುದಾಗಿದೆ.