ವಲಸಿಗರಿಗೆ ಮಾನಸಿಕ ಆರೋಗ್ಯ ಸೇವೆ (ಭಾರತ)

ಊರು ಅಥವಾ ದೇಶ ತೊರೆದು ಬಂದವರಿಗೆ ಮಾನಸಿಕ ಚಿಕಿತ್ಸೆ ದೊರಕಿಸುವ ವ್ಯವಸ್ಥೆ. ಇದಕ್ಕೆ ಮುಖ್ಯ ಆಧಾರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಜಾರಿಯಾದದ್ದು 2018ರ ಮೇ 29ರಂದು. ಸರ್ಕಾರಿ ಸೇವೆ ಪಡೆಯುವ ಹಕ್ಕನ್ನು ಇದರ 18ನೇ ಸೆಕ್ಷನ್ ಪೌರತ್ವದ ಷರತ್ತಿಲ್ಲದೆ ಎಲ್ಲರಿಗೂ ಕೊಡುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಬಿಪಿಎಲ್ ಕಾರ್ಡ್ ಇರದಿದ್ದರೂ ಚಿಕಿತ್ಸೆ ಉಚಿತ. ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಹಾಗೆಯೇ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಹೀಗಾಗಿ ಈ ಸೆಕ್ಷನ್‌ನ ಮಹತ್ವ ಬಹಳ ದೊಡ್ಡದು.

ಹಕ್ಕು ಕೈಗೆಟುಕುವುದು ಮಾತ್ರ ಕಷ್ಟ. ಖಿನ್ನತೆಗೆ ಗುಳಿಗೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಕಟ್ಟಡದ ಕೆಲಸ ಮುಗಿದೊಡನೆ ಶೆಡ್ ಕಿತ್ತು ಇನ್ನೊಂದು ಊರಿಗೆ ಹೊರಡುವವರ ಚಿಕಿತ್ಸೆಯ ಚೀಟಿ ಹಳೆಯ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಒಪಿಡಿ ಸರದಿಯಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಮನಸ್ಸಿನ ಸಂಕಟವನ್ನು ಪರಭಾಷೆಯಲ್ಲಿ ಬಿಡಿಸಿ ಹೇಳಲಾಗದು. ದುಭಾಷಿಗಳ ನೇಮಕ ಅತ್ಯಗತ್ಯ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಹಲವು ಭಾರತೀಯ ಭಾಷೆಗಳಲ್ಲಿ ಹಗಲಿರುಳೂ ಉಚಿತ ಸಮಾಲೋಚನೆ ನೀಡುತ್ತದೆ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.